ಅಳಿಸಬೇಡಿ, ತಿದ್ದಿ ಬರೆಯಿರಿ



ನಾವೆಲ್ಲ ರೇಡಿಯೋದಲ್ಲಿ ಪೇಟೆ ಧಾರಣೆ ಕೇಳುತ್ತ ಬೆಳೆದವರು. ಸಂಜೆ ಹೊಲದಿಂದ ಬಂದು ಕೈಕಾಲು ತೊಳೆದು ಕಟ್ಟೆಯ ಮೇಲೆ ಕುಳಿತರೆ, ಜೋಳ ಇಷ್ಟು, ಕಡಲೆ ಇಷ್ಟು, ಉಳ್ಳಾಗಡ್ಡಿ ಇಷ್ಟು ಎಂದು ಓದುವ ದನಿ ಕೇಳಿಬರುತ್ತಿತ್ತು. ಅಂದು ಓದಿದ್ದು ಅಂದಿಗೇ ಮುಗಿಯುತ್ತಿತ್ತು. ಓದುವವರು ತಪ್ಪಿ ಓದಿದರೂ ಮರುದಿನ ಸರಿ ಧಾರಣೆ ಬರುತ್ತಿತ್ತು. ಹಿಂದಿನ ದಿನದ್ದನ್ನು ಯಾರೂ ನೆನಪಿಡುತ್ತಿರಲಿಲ್ಲ. ಈಗ ಹಾಗಿಲ್ಲ. ಇಂದಿನ ಧಾರಣೆ ಕಂಪ್ಯೂಟರಿನ ಹೊಟ್ಟೆಯಲ್ಲಿ ಕೂತುಬಿಡುತ್ತದೆ. ಹತ್ತು ವರ್ಷದ ಮೇಲೂ ಬೇಕಾದವರು ಅದನ್ನು ತೆಗೆದು ನೋಡಬಹುದು. ಹಾಗಾದರೆ ಹೀಗೆ ಕೂಡಿಟ್ಟ ಅಂಕಿಯಲ್ಲಿ ತಪ್ಪು ಸೇರಿಕೊಂಡರೆ ಏನು ಮಾಡಬೇಕು? ಇಂದು ನಿಮ್ಮೊಡನೆ ಮಾತನಾಡಬೇಕೆಂದಿರುವುದು ಇದರ ಬಗ್ಗೆಯೇ.

ಈ ವಿಷಯ ನನ್ನ ತಲೆಗೆ ಬಂದದ್ದು ನಮ್ಮ ಓಣಿಯ ಒಬ್ಬ ಹುಡುಗನಿಂದ. ಡಿಗ್ರಿ ಮುಗಿಸಿ ಒಕ್ಕಲುತನಕ್ಕೆ ನಿಂತವನು, ಲೆಕ್ಕದಲ್ಲಿ ಚುರುಕು. ಒಂದು ದಿನ ಮೊಬೈಲು ಹಿಡಿದುಕೊಂಡು ಬಂದ.

"ಕಾಕಾ, ಇದು ಖರೇ ಏನು ನೋಡ್ರಿ" ಅಂದ.

ಉಳ್ಳಾಗಡ್ಡಿಯ ಧಾರಣೆಯ ಗೆರೆ. ಅಂಗಳದ ಹಾಗೆ ಸಪಾಟಾಗಿ ಹೊರಟ ಗೆರೆ ಒಂದು ದಿನ ಮಾತ್ರ ಗುಡಿಯ ಶಿಖರದ ಹಾಗೆ ಮೇಲೆದ್ದು ಮರುದಿನ ಮತ್ತೆ ಕೆಳಗೆ ಬಂದಿತ್ತು. ಹಿಂದಿನ ದಿನ ಕ್ವಿಂಟಲಿಗೆ 1,600 ರೂಪಾಯಿ, ಮರುದಿನ 1,800. ನಡುವಿನ ಆ ಒಂದು ದಿನ 17,500. ಹೆಚ್ಚು ಯೋಚನೆ ಬೇಕಿರಲಿಲ್ಲ. ಯಾರೋ 1,750 ಎಂದು ಹಾಕುವಾಗ ಒಂದು ಸೊನ್ನೆ ಹೆಚ್ಚು ಒತ್ತಿದ್ದರು.

"ಒಂದು ಸೊನ್ನೆ ಏನು ಮಾಡತೈತಿ ಬಿಡ್ರಿ" ಎಂದು ಅವನೇ ಅಂದ. ನಾನು ಅಲ್ಲೇ ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದೆ. ಆ ದಿನವೂ ಸೇರಿ ಆರು ದಿನದ ಧಾರಣೆ ಹೀಗಿತ್ತು: 1,700, 1,800, 1,750, 1,650, 1,600, ಆಮೇಲೆ ಈ 17,500. ಕೂಡಿಸಿದರೆ 26,000, ಆರರಿಂದ ಭಾಗಿಸಿದರೆ ಸರಾಸರಿ 4,333. ಸರಿಯಾದ 1,750 ಇಟ್ಟು ಕೂಡಿಸಿದರೆ 10,250; ಸರಾಸರಿ 1,708. ಒಂದೇ ಸೊನ್ನೆ ಆರು ದಿನದ ಸರಾಸರಿಯನ್ನು ಎರಡೂವರೆ ಪಟ್ಟು ಮಾಡಿತು. ಗೆರೆ ನೋಡಿದರೆ ಕಣ್ಣಿಗೆ ಹೊಡೆಯುತ್ತದೆ. ಆದರೆ ಸರಾಸರಿಯನ್ನಷ್ಟೇ ನೋಡಿದವನಿಗೆ ಈ ಸೊನ್ನೆ ಕಾಣುವುದೇ ಇಲ್ಲ. ಅವನು ಅದನ್ನು ನಂಬಿ ಇನ್ನೂ ಎರಡು ಎಕರೆ ಉಳ್ಳಾಗಡ್ಡಿ ಹಚ್ಚಿಬಿಡಬಹುದು.

ಹುಡುಗ ಆಮೇಲೆ ಕೇಳಿದ ಪ್ರಶ್ನೆ ಮುಖ್ಯವಾದದ್ದು. "ಕಾಕಾ, ಇದನ್ನು ಅಳಿಸಿ ಸರಿ ಮಾಡಿದರ ಆತಲ್ಲ?"

ಅಳಿಸಿದರೆ ಆಗುವುದಿಲ್ಲ ಎಂದೆ. ಯಾಕೆ ಆಗುವುದಿಲ್ಲ ಎಂಬುದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ, ನನ್ನದೇ ತಪ್ಪಿನಿಂದ. ಅದನ್ನು ನಿಮ್ಮ ಮುಂದೆ ಹೇಳಲು ಈಗ ಸಂಕೋಚವಿಲ್ಲ.

1986ರ ಮಾತು. ನಾನು ಮ್ಯಾಟ್ರಿಕ್ ಮುಗಿಸಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿ ಐದಾರು ವರ್ಷವಾಗಿತ್ತು. ಕಂಪ್ಯೂಟರು ಇರಲಿಲ್ಲ. ದೊಡ್ಡ ದೊಡ್ಡ ಲೆಡ್ಜರು, ಒಬ್ಬೊಬ್ಬ ಗಿರಾಕಿಗೂ ಒಂದೊಂದು ಪುಟ. ತಿಂಗಳ 10ನೇ ತಾರೀಖು ಒಬ್ಬ ಅಜ್ಜಿ ಬಂದು 4,500 ರೂಪಾಯಿ ಜಮಾ ಮಾಡಿದಳು. ಅವಳ ಖಾತೆ ನಂಬರು 217. ನಾನು ಅವಸರದಲ್ಲಿ 271ನೇ ಖಾತೆಗೆ ಬರೆದೆ. ದಿನದ ಮೊತ್ತ ತಾಳೆಯಾಯಿತು. ಹಣ ತಪ್ಪು ಮನೆಗೆ ಹೋದರೂ ಒಟ್ಟು ಮೊತ್ತ ತಪ್ಪುವುದಿಲ್ಲವಲ್ಲ! ಹಾಗಾಗಿ ಯಾರಿಗೂ ಗೊತ್ತಾಗಲಿಲ್ಲ.

24ನೇ ತಾರೀಖು ಅಜ್ಜಿ ಮಗಳ ಮದುವೆಗೆಂದು ಹಣ ತೆಗೆಯಲು ಬಂದಳು. ಖಾತೆಯಲ್ಲಿ ಹಣವಿಲ್ಲ. ನನ್ನ ಎದೆ ಧಸಕ್ಕೆಂದಿತು. ಪುಟ ತಿರುವಿ ನೋಡಿದಾಗ ತಪ್ಪು ಸಿಕ್ಕಿತು. ಅಧಿಕಾರಿಗೆ ಹೇಳಬೇಕಿತ್ತು. ಹೇಳಲು ಹೆದರಿದೆ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಬ್ಲೇಡಿನಿಂದ 271ನೇ ಪುಟದ ಸಾಲನ್ನು ಕೆರೆದೆ, ಶಿಲ್ಕನ್ನೂ ಕೆರೆದು ಹೊಸದಾಗಿ ಬರೆದೆ. 217ನೇ ಪುಟದಲ್ಲಿ 10ನೇ ತಾರೀಖಿನ ಜಾಗದಲ್ಲೇ 4,500 ಸೇರಿಸಿದೆ. ಅಜ್ಜಿಗೆ ಹಣ ಸಿಕ್ಕಿತು. ಪುಸ್ತಕದಲ್ಲಿ ಎಲ್ಲವೂ ಮೊದಲಿನಿಂದಲೇ ಸರಿಯಿತ್ತೇನೋ ಎಂಬ ಹಾಗಾಯಿತು.

ಆದರೆ ನನಗೆ ಗೊತ್ತಿಲ್ಲದ ಒಂದು ಸಂಗತಿ ನಡುವೆ ನಡೆದುಹೋಗಿತ್ತು. 15ನೇ ತಾರೀಖು 271ನೇ ಖಾತೆಯವರು ಎಲ್ಲಿಯೋ ಸಾಲಕ್ಕೆ ಅರ್ಜಿ ಹಾಕಲು ಶಿಲ್ಕಿನ ಸರ್ಟಿಫಿಕೇಟು ಕೇಳಿದ್ದರು. ನಮ್ಮ ಅಕೌಂಟೆಂಟ್ ಸಾಹೇಬರು ಲೆಡ್ಜರು ನೋಡಿ, ಅಲ್ಲಿದ್ದ ಅಂಕಿಯನ್ನೇ ಬರೆದು ಸಹಿ ಮಾಡಿ ಕೊಟ್ಟಿದ್ದರು. ಕೆಲವು ತಿಂಗಳ ನಂತರ ತಪಾಸಣೆ ಬಂತು. ಸರ್ಟಿಫಿಕೇಟಿನ ನಕಲಿನಲ್ಲಿ ಒಂದು ಅಂಕಿ, ಲೆಡ್ಜರಿನಲ್ಲಿ ಅದೇ ದಿನಕ್ಕೆ 4,500 ಕಡಿಮೆ. ಅಕೌಂಟೆಂಟರು ಸುಳ್ಳು ಸರ್ಟಿಫಿಕೇಟು ಕೊಟ್ಟರೇ? ಅವರು ಪಾಪ, "ಅಂದು ಪುಸ್ತಕದಲ್ಲಿ ಹೀಗೇ ಇತ್ತು" ಎನ್ನುತ್ತಾರೆ; ಪುಸ್ತಕ ಹಾಗೆ ಹೇಳುವುದಿಲ್ಲ. ಅವರ ಪರವಾಗಿದ್ದ ಒಂದೇ ಸಾಕ್ಷಿಯನ್ನು ನಾನು ಬ್ಲೇಡಿನಿಂದ ಕೆರೆದು ಹಾಕಿದ್ದೆ.

ತಪಾಸಣೆಯವರು ಆ ಪುಟವನ್ನು ಕಿಟಕಿಯ ಬೆಳಕಿಗೆ ಹಿಡಿದರು. ಕೆರೆದ ಜಾಗದಲ್ಲಿ ಕಾಗದ ತೆಳುವಾಗಿ ಬೆಳಕು ಹಾಯುತ್ತಿತ್ತು. ನಾನು ಎದ್ದು ನಿಂತು ಎಲ್ಲ ಒಪ್ಪಿಕೊಂಡೆ. ನನಗೆ ಲಿಖಿತ ಎಚ್ಚರಿಕೆ ಸಿಕ್ಕಿತು, ಅದು ನ್ಯಾಯವೇ. ಆದರೆ ಅಷ್ಟರೊಳಗೆ ನಿರಪರಾಧಿಯಾದ ಆ ಹಿರಿಯರು ಮೂರು ವಾರ ತಲೆ ತಗ್ಗಿಸಿಕೊಂಡು ಓಡಾಡಿದ್ದರು. ನನ್ನನ್ನು ಕರೆದು ಅವರು ಬೈಯಲಿಲ್ಲ. "ತಮ್ಮಾ, ತಪ್ಪು ಬರೆದದ್ದು ತಪ್ಪಲ್ಲ. ಬರೆದೇ ಇಲ್ಲ ಅಂತ ತೋರಿಸಿದ್ದು ತಪ್ಪು" ಎಂದಷ್ಟೇ ಹೇಳಿದರು.

ಹಾಗಾದರೆ ಸರಿಯಾದ ದಾರಿ ಯಾವುದಿತ್ತು? ಬ್ಯಾಂಕಿನಲ್ಲಿ ಹೊಸಬರಿಗೆ ಮೊದಲ ದಿನವೇ ಹೇಳಿಕೊಡುತ್ತಿದ್ದದ್ದು ಅದೇ. ತಪ್ಪು ಸಾಲನ್ನು ಕೆರೆಯಬಾರದು, ಮೇಲೆ ಮೇಲೆ ತಿದ್ದಬಾರದು. ಅದನ್ನು ಓದಲು ಬರುವಂತೆಯೇ ಬಿಟ್ಟು, 24ನೇ ತಾರೀಖಿಗೆ ಒಂದು ಹೊಸ ಸಾಲು ಬರೆಯಬೇಕು: "10ನೇ ತಾರೀಖು ತಪ್ಪಾಗಿ ಜಮಾ ಆದ 4,500 ವಾಪಸು." 217ನೇ ಖಾತೆಯಲ್ಲಿ ಇನ್ನೊಂದು ಹೊಸ ಸಾಲು: "10ನೇ ತಾರೀಖಿನ ಜಮಾ 4,500, ಈಗ ಸರಿಪಡಿಸಿದ್ದು." ಎರಡಕ್ಕೂ ವೋಚರು, ಎರಡಕ್ಕೂ ಅಧಿಕಾರಿಯ ಸಹಿ.

ಇಲ್ಲಿ ಎರಡು ತಾರೀಖುಗಳಿವೆ, ಗಮನಿಸಿ. ಹಣ ನಿಜವಾಗಿ ಬಂದ ತಾರೀಖು ಒಂದು, ನಾವು ಪುಸ್ತಕದಲ್ಲಿ ಬರೆದ ತಾರೀಖು ಇನ್ನೊಂದು. ಬ್ಯಾಂಕಿನಲ್ಲಿ ಮೊದಲನೆಯದಕ್ಕೆ ವ್ಯಾಲ್ಯೂ ಡೇಟ್ ಎನ್ನುತ್ತಾರೆ. ಇದು ಬರೀ ಕಾಗದದ ಶಾಸ್ತ್ರವಲ್ಲ. 2010ರ ಏಪ್ರಿಲ್ 1ಕ್ಕೆ ಮೊದಲು ಉಳಿತಾಯ ಖಾತೆಯ ಬಡ್ಡಿಯನ್ನು ತಿಂಗಳ 10ನೇ ತಾರೀಖಿನಿಂದ ಕೊನೆಯ ದಿನದವರೆಗಿನ ಅತಿ ಕಡಿಮೆ ಶಿಲ್ಕಿನ ಮೇಲೆ ಕೊಡುತ್ತಿದ್ದರು. ಆಮೇಲೆ ದಿನದಿನದ ಶಿಲ್ಕಿನ ಮೇಲೆ ಲೆಕ್ಕ ಮಾಡುವ ಪದ್ಧತಿ ಬಂತು. ಹಳೆಯ ಪದ್ಧತಿಯಲ್ಲಿ 10ನೇ ತಾರೀಖಿನ ಹಣವನ್ನು ಬರೀ 24ರ ಜಮಾ ಎಂದು ಬರೆದುಬಿಟ್ಟರೆ, ತಿಂಗಳ ಕೊನೆಯವರೆಗೆ ಹಣ ಇಟ್ಟವರಿಗೂ ಆ ತಿಂಗಳ ಬಡ್ಡಿ ಹೋಗುತ್ತಿತ್ತು. ಆದ್ದರಿಂದ ಬಡ್ಡಿಗೆ 10ನೇ ತಾರೀಖು ಬೇಕು, ಸಾಕ್ಷಿಗೆ 24ನೇ ತಾರೀಖು ಬೇಕು. ಎರಡನ್ನೂ ಇಟ್ಟುಕೊಂಡರೆ ಯಾರಿಗೂ ಅನ್ಯಾಯವಾಗುವುದಿಲ್ಲ.

ಈಗ ಇದನ್ನೇ ಪೇಟೆಯ ಧಾರಣೆಗೆ ಹಚ್ಚಿ ನೋಡಿ. ಮಾರ್ಚ್ 3ರ ಉಳ್ಳಾಗಡ್ಡಿ ಧಾರಣೆ 17,500 ಎಂದು ಮಾರ್ಚ್ 3ರಂದೇ ಬರೆದರು. ತಪ್ಪೆಂದು ಮಾರ್ಚ್ 6ರಂದು ತಿಳಿಯಿತು. ಮೊದಲ ಸಾಲನ್ನು ಹಾಗೆಯೇ ಬಿಟ್ಟು ಎರಡನೆಯ ಸಾಲು ಬರೆಯಬೇಕು: ಮಾರ್ಚ್ 3ರ ಧಾರಣೆ 1,750, ಬರೆದದ್ದು ಮಾರ್ಚ್ 6, ಕಾರಣ, ಒಂದು ಸೊನ್ನೆ ಹೆಚ್ಚಾಗಿತ್ತು, ಆಧಾರ, ಅಂದಿನ ಲಿಲಾವಿನ ಚೀಟಿ, ತಿದ್ದಿದವರು ಇಂಥವರು. ಹೀಗಿದ್ದರೆ ಎರಡು ಬೇರೆ ಬೇರೆ ಪ್ರಶ್ನೆಗಳಿಗೆ ಎರಡು ಸರಿ ಉತ್ತರ ಸಿಗುತ್ತವೆ. ಮಾರ್ಚ್ 3ರ ಧಾರಣೆ ಎಷ್ಟು? 1,750. ಮಾರ್ಚ್ 4ರಂದು ನೋಡಿದವರಿಗೆ ಎಷ್ಟು ಕಂಡಿತ್ತು? 17,500. ಎರಡನೆಯ ಪ್ರಶ್ನೆ ಯಾರಿಗೆ ಬೇಕು ಎನ್ನುತ್ತೀರಾ? ಆ ನಡುವಿನ ಮೂರು ದಿನದಲ್ಲಿ ಆ ಅಂಕಿ ನಂಬಿ ಗಾಡಿ ಬಾಡಿಗೆ ಮಾಡಿ ಮಾಲು ಹೇರಿಕೊಂಡು ಹೋದವನಿಗೆ ಬೇಕು, ಸಾಲ ಮಂಜೂರು ಮಾಡಿದ ಅಧಿಕಾರಿಗೆ ಬೇಕು. ಅವರು ಮೂರ್ಖರಲ್ಲ, ಅಂದು ಪುಸ್ತಕ ಹಾಗೆ ಹೇಳುತ್ತಿತ್ತು ಎಂದು ತೋರಿಸಲು ಅದೊಂದೇ ಆಧಾರ. ದೊಡ್ಡ ದೊಡ್ಡ ಷೇರು ಪೇಟೆಯ ಕಂಪ್ಯೂಟರುಗಳಲ್ಲಿ ಹಳೆಯ ಬೆಲೆಗಳನ್ನು ಜೋಪಾನ ಮಾಡುವವರು ಚೆನ್ನಾಗಿ ಕೆಲಸ ಮಾಡಿದಾಗ ಮಾಡುವುದೂ ಇಷ್ಟೇ. ಹಳೆಯ ಸಾಲು ಇರುತ್ತದೆ, ಹೊಸ ಸಾಲು ಸೇರುತ್ತದೆ, ಎರಡು ತಾರೀಖು ಇರುತ್ತವೆ.

ಗಡಿಯ ಆಚೆ ಮಹಾರಾಷ್ಟ್ರದ ಹಳ್ಳಿಗಳಲ್ಲಿರುವ ನಮಗೆ ಇದು ಹೊಸದೇನೂ ಅಲ್ಲ. ನಮ್ಮ ಹೊಲದ ಸಾತಬಾರಾ ಉತಾರ ತೆಗೆದು ನೋಡಿ. ಅಪ್ಪನ ಹೆಸರು ಹೋಗಿ ಮಕ್ಕಳ ಹೆಸರು ಬರಬೇಕಾದರೆ ತಲಾಠಿ ಸುಮ್ಮನೆ ಹೆಸರು ಬದಲಿಸುವಂತಿಲ್ಲ. ಮೊದಲು ಫೇರಫಾರ ವಹಿಯಲ್ಲಿ ನೋಂದಾಗಬೇಕು, ಅದು ಮಂಜೂರಾಗಬೇಕು, ಆಮೇಲೆ ಆ ಫೇರಫಾರದ ನಂಬರಿನೊಂದಿಗೆ ಉತಾರದಲ್ಲಿ ಹೆಸರು ಬರಬೇಕು. ಯಾಕೆ ಬದಲಾಯಿತು, ಯಾವಾಗ ಬದಲಾಯಿತು ಎಂದು ನಾಳೆ ಮೊಮ್ಮಕ್ಕಳು ಕೇಳಿದರೂ ಆ ನಂಬರು ಹಿಡಿದು ಹಿಂದಕ್ಕೆ ಹೋಗಬಹುದು. ಮರಾಠಿಯಲ್ಲಿ ಖಾಡಾಖೋಡ ಎನ್ನುತ್ತಾರೆ, ನಾವು ಚಿತ್ತುಕಾಟು ಎನ್ನುತ್ತೇವೆ. ಹೊಲದ ಕಾಗದದಲ್ಲಿ ಒಂದು ಖಾಡಾಖೋಡ ಕಂಡರೂ ಜಗಳಕ್ಕೆ ನಿಲ್ಲುವ ನಾವು, ಧಾರಣೆಯ ಅಂಕಿಯಲ್ಲಿ ಮಾತ್ರ ಯಾಕೆ ಸುಮ್ಮನಿರಬೇಕು?

ಇದು ಹಳ್ಳಿಯ ಸಣ್ಣ ಮಾತು ಎಂದುಕೊಳ್ಳಬೇಡಿ. ದೇಶದ ಲೆಕ್ಕದಲ್ಲೂ ಹೀಗಾಗಿದೆ. ನಮ್ಮ ಸೀಮೆಯಲ್ಲಿ ಕಬ್ಬು ಬೆಳೆಯುವವರು ಬಹಳ, ಅದಕ್ಕೇ ಸಕ್ಕರೆಯ ಉದಾಹರಣೆಯನ್ನೇ ಮೊದಲು ಹೇಳುತ್ತೇನೆ. 2012ರ ಜನವರಿ ತಿಂಗಳಲ್ಲಿ ದೇಶದ ಕೈಗಾರಿಕಾ ಉತ್ಪಾದನೆ ಹಿಂದಿನ ವರ್ಷದ ಅದೇ ತಿಂಗಳಿಗಿಂತ ಶೇಕಡಾ 6.8 ಹೆಚ್ಚಿದೆ ಎಂದು ಮಾರ್ಚ್ 12ರಂದು ಸರ್ಕಾರ ಪ್ರಕಟಿಸಿತು. ಮಾರ್ಚ್ 15ರಂದು ರಿಸರ್ವ್ ಬ್ಯಾಂಕು ಬಡ್ಡಿದರದ ವಿಚಾರಕ್ಕೆ ಕುಳಿತಾಗ ಎದುರಿಗಿದ್ದದ್ದು ಈ ಅಂಕಿಯೇ. ಅಂದು ರೆಪೊ ದರವನ್ನು ಶೇಕಡಾ 8.5ರಲ್ಲೇ ಬಿಟ್ಟರು. ಏಪ್ರಿಲ್ 12ರಂದು ತಿದ್ದುಪಡಿ ಬಂತು. ಜನವರಿಯ ಸಕ್ಕರೆ ಉತ್ಪಾದನೆಯನ್ನು 134.08 ಲಕ್ಷ ಟನ್ ಎಂದು ಹಿಡಿದಿದ್ದರು, ನಿಜವಾದ ಅಂಕಿ 58.09 ಲಕ್ಷ ಟನ್. ಈ ಒಂದು ವಸ್ತುವಿನ ತಪ್ಪು ಸರಿಮಾಡಿದ್ದೇ ತಡ, 6.8 ಇದ್ದದ್ದು 1.1ಕ್ಕೆ ಇಳಿಯಿತು. ಏಪ್ರಿಲ್ 17ರಂದು ರಿಸರ್ವ್ ಬ್ಯಾಂಕು ದರವನ್ನು ಶೇಕಡಾ 8ಕ್ಕೆ ಇಳಿಸಿತು. ಸಕ್ಕರೆಯೊಂದರಿಂದಲೇ ಬಡ್ಡಿ ಇಳಿಯಿತು ಎಂದು ನಾನು ಹೇಳುತ್ತಿಲ್ಲ, ಅದಕ್ಕೆ ಬೇರೆ ಕಾರಣಗಳಿದ್ದವು. ಆದರೆ ಮಾರ್ಚಿನಲ್ಲಿ ಕುಳಿತವರ ಮುಂದೆ ಯಾವ ಅಂಕಿ ಇತ್ತು, ಏಪ್ರಿಲಿನಲ್ಲಿ ಯಾವುದಿತ್ತು ಎಂದು ಬೇರೆ ಬೇರೆಯಾಗಿ ತಿಳಿಯದಿದ್ದರೆ ಅವರ ನಿರ್ಧಾರವನ್ನು ನ್ಯಾಯವಾಗಿ ತೂಗಲು ಬರುವುದಿಲ್ಲ. ಹಳೆಯ 6.8 ಅನ್ನು ಅಳಿಸಿ ಬರೀ 1.1 ಎಂದು ಇಟ್ಟರೆ, ಅವರು ಕಣ್ಣುಮುಚ್ಚಿ ಕುಳಿತಿದ್ದರು ಎಂದು ಅನಿಸುತ್ತದೆ. ನಮ್ಮ ಅಕೌಂಟೆಂಟ್ ಸಾಹೇಬರ ಕಥೆಯೇ ಇದು, ದೊಡ್ಡ ಅಳತೆಯಲ್ಲಿ.

ಇನ್ನೊಂದು ಬಂಗಾರದ ಉದಾಹರಣೆ. 2024ರ ನವೆಂಬರಿನಲ್ಲಿ ದೇಶಕ್ಕೆ 14.86 ಶತಕೋಟಿ ಡಾಲರಿನ ಬಂಗಾರ ಆಮದಾಯಿತು ಎಂದು ಮೊದಲು ಪ್ರಕಟವಾಯಿತು. ಒಂದೇ ತಿಂಗಳಲ್ಲಿ ಇಷ್ಟೇ ಎಂದು ಎಲ್ಲರೂ ಬಾಯಿ ತೆರೆದರು. 2025ರ ಜನವರಿಯಲ್ಲಿ ಅದನ್ನು 9.84 ಶತಕೋಟಿ ಎಂದು ತಿದ್ದಿದರು. ಅಂದರೆ ಸುಮಾರು 5 ಶತಕೋಟಿ ಡಾಲರು ಕಡಿಮೆ. ಒಂದು ಕಂಪ್ಯೂಟರ್ ವ್ಯವಸ್ಥೆಯಿಂದ ಇನ್ನೊಂದಕ್ಕೆ ಲೆಕ್ಕ ಸಾಗಿಸುವಾಗ ಕೆಲವು ಮಾಲು ಎರಡು ಸಲ ಎಣಿಕೆಯಾಗಿದ್ದವು. ಬ್ಯಾಂಕಿನಲ್ಲಿ ಹಳೆಯ ಲೆಡ್ಜರು ತುಂಬಿ ಹೊಸ ಲೆಡ್ಜರಿಗೆ ಶಿಲ್ಕು ಎತ್ತಿ ಬರೆಯುವ ದಿನ ನಾವು ಹೆಚ್ಚು ಎಚ್ಚರದಿಂದ ಇರುತ್ತಿದ್ದೆವು. ಪುಸ್ತಕ ಬದಲಾಗುವ ದಿನವೇ ತಪ್ಪು ನುಸುಳುವ ದಿನ.

ಎಲ್ಲ ತಪ್ಪೂ ಇಷ್ಟು ಎದ್ದು ಕಾಣುವುದಿಲ್ಲ. ಕೆಲವು ಇಲಿಯ ಹಾಗೆ ದಿನವೂ ಒಂದಿಷ್ಟು ಕಡಿಯುತ್ತವೆ. ಕೆನಡಾ ದೇಶದ ವ್ಯಾಂಕೂವರ್ ಷೇರು ಪೇಟೆಯವರು 1982ರ ಜನವರಿಯಲ್ಲಿ 1,000ದಿಂದ ಒಂದು ಸೂಚ್ಯಂಕ ಆರಂಭಿಸಿದರು. ಪ್ರತಿ ವಹಿವಾಟಿನ ನಂತರ ಲೆಕ್ಕ ಹಾಕಿ ದಶಾಂಶದ ಮುಂದೆ ಮೂರು ಅಂಕಿ ಉಳಿಸಿಕೊಂಡು ಮಿಕ್ಕದ್ದನ್ನು ಕತ್ತರಿಸಿಬಿಡುತ್ತಿದ್ದರು. ಹತ್ತಿರದ ಅಂಕಿಗೆ ಏರಿಸುವುದೋ ಇಳಿಸುವುದೋ ಇಲ್ಲ, ಬರೀ ಕತ್ತರಿಸುವುದು. ಕಣ್ಣಿಗೆ ಕಾಣದಷ್ಟು ಸಣ್ಣ ಪಾಲು. ಆದರೆ ದಿನಕ್ಕೆ ಸಾವಿರಾರು ಸಲ. 1983ರ ನವೆಂಬರ್ ಹೊತ್ತಿಗೆ ಸೂಚ್ಯಂಕ ಸುಮಾರು 524ಕ್ಕೆ ಬಂದಿತ್ತು. ಮೊದಲಿನಿಂದ ಸರಿಯಾಗಿ ಲೆಕ್ಕ ಹಾಕಿದಾಗ ಅದು 1,098 ಇರಬೇಕಿತ್ತು! ಪೇಟೆ ಏರಿದ್ದರೂ ಪುಸ್ತಕ ಅರ್ಧಕ್ಕೆ ಇಳಿಸಿ ತೋರಿಸುತ್ತಿತ್ತು. ಇದರಿಂದ ತಿಳಿಯುವುದೇನೆಂದರೆ, ಹಿಂದಿನ ಅಂಕಿಯ ಮೇಲೆ ಇಂದಿನ ಅಂಕಿ ನಿಂತಿರುವಲ್ಲಿ ಒಂದು ದಿನದ್ದನ್ನು ತಿದ್ದಿದರೆ ಸಾಲದು, ಅಲ್ಲಿಂದ ಮುಂದಿನ ಎಲ್ಲವನ್ನೂ ಮತ್ತೆ ಲೆಕ್ಕ ಹಾಕಬೇಕು. ಗೋಡೆಯ ಕೆಳಗಿನ ಕಲ್ಲು ಸರಿಸಿದ ಮೇಲೆ ಮೇಲಿನ ವರಸೆಗಳನ್ನೂ ನೋಡಬೇಕಲ್ಲವೇ?

ಇನ್ನು ಒಂದು ಎಚ್ಚರಿಕೆಯ ಮಾತು. ನನ್ನ ಮಟ್ಟಿಗೆ ಇಂದಿನ ಮಾತಿನಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ವಿಚಿತ್ರವಾಗಿ ಕಂಡದ್ದೆಲ್ಲ ತಪ್ಪಲ್ಲ.

2023ರ ಫೆಬ್ರವರಿಯಲ್ಲಿ ಸೊಲ್ಲಾಪುರ ಪೇಟೆಗೆ ಒಬ್ಬ ರೈತ 512 ಕಿಲೋ ಉಳ್ಳಾಗಡ್ಡಿ ತಂದ. ಕಿಲೋಗೆ ಒಂದು ರೂಪಾಯಿಯಂತೆ ಹೋಯಿತು. ಗಾಡಿ ಬಾಡಿಗೆ, ಹಮಾಲಿ, ತೂಕದ ಖರ್ಚು ಎಲ್ಲ ಕಳೆದು ಅವನ ಪಾಲಿಗೆ ಉಳಿದದ್ದು 2 ರೂಪಾಯಿ 49 ಪೈಸೆ. ಕೈಗೆ ಬಂದದ್ದು 2 ರೂಪಾಯಿಯ ಚೆಕ್ಕು. ಪತ್ರಿಕೆಗಳಲ್ಲೆಲ್ಲ ಬಂದ ಸುದ್ದಿ, ನಿಮಗೂ ನೆನಪಿರಬಹುದು. ಈಗ ಯೋಚನೆ ಮಾಡಿ. ಎಲ್ಲಿಯೋ ದೂರದ ಊರಿನಲ್ಲಿ ಕಂಪ್ಯೂಟರಿನ ಮುಂದೆ ಕುಳಿತ ಒಬ್ಬ ಗುಮಾಸ್ತನಿಗೆ "ಕ್ವಿಂಟಲಿಗೆ 100 ರೂಪಾಯಿ" ಎಂಬ ಅಂಕಿ ಬಂತು ಎನ್ನಿ. ಅವನು ಏನಂದುಕೊಳ್ಳುತ್ತಾನೆ? "ಒಂದು ಸೊನ್ನೆ ಬಿಟ್ಟುಹೋಗಿದೆ" ಎಂದು 1,000 ಮಾಡಿಬಿಡಬಹುದು. ಅಥವಾ "ಇದು ತಪ್ಪು ಅಂಕಿ" ಎಂದು ತೆಗೆದೇ ಬಿಡಬಹುದು. ಅವನು ದುಷ್ಟನಲ್ಲ, ಕೆಲಸದಲ್ಲಿ ಚೊಕ್ಕವಾಗಿರಬೇಕೆನ್ನುವವನು. ಆದರೆ ಆ ಕ್ಷಣ ಆ ರೈತನ ಸಂಕಟ ಪುಸ್ತಕದಿಂದ ಮಾಯವಾಗುತ್ತದೆ. ಮುಂದೆ ಯಾರಾದರೂ "ಉಳ್ಳಾಗಡ್ಡಿ ಅಷ್ಟು ಕೆಳಗೆ ಎಂದಾದರೂ ಬಿದ್ದಿತ್ತೇ?" ಎಂದು ಹುಡುಕಿದರೆ, ಇಲ್ಲ ಎಂದು ಪುಸ್ತಕ ಹೇಳುತ್ತದೆ. ನಮ್ಮ ಹುಡುಗನ ಮೊಬೈಲಿನ 17,500 ತಪ್ಪು. ಈ 100 ಸತ್ಯ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ವಿಚಿತ್ರ. ವ್ಯತ್ಯಾಸ ತಿಳಿಯಬೇಕಾದರೆ ಪೇಟೆಯ ಚೀಟಿ ನೋಡಬೇಕು, ಅಡತಿ ಅಂಗಡಿಯ ಪಟ್ಟಿ ನೋಡಬೇಕು, ಕೇಳಬೇಕು. ಊಹೆಯಿಂದ ತಿದ್ದಬಾರದು.

ದೊಡ್ಡ ಪೇಟೆಗಳಲ್ಲೂ ಇಂಥದ್ದು ನಡೆದಿದೆ. 2020ರ ಏಪ್ರಿಲ್ 20ರಂದು ಅಮೆರಿಕದ ಕಚ್ಚಾ ತೈಲದ ವಾಯಿದೆ ಬೆಲೆ ಸೊನ್ನೆಗಿಂತ ಕೆಳಗೆ ಹೋಗಿ ಪೀಪಾಯಿಗೆ ಮೈನಸ್ 37.63 ಡಾಲರ್‌ಗೆ ನಿಂತಿತು. ಕೊರೋನಾದಿಂದ ಜಗತ್ತೇ ಮನೆಯಲ್ಲಿ ಕುಳಿತಿದ್ದ ಕಾಲ. ತೈಲ ತುಂಬಿಡಲು ಜಾಗವಿಲ್ಲದೆ, ಮಾರುವವರೇ ದುಡ್ಡು ಕೊಟ್ಟು ಒಯ್ಯಿರಿ ಎನ್ನುವ ಹಾಗಾಗಿತ್ತು. ನಮ್ಮ ಮುಂಬಯಿಯ ಸರಕು ವಿನಿಮಯ ಪೇಟೆಯಲ್ಲೂ ಆ ತಿಂಗಳ ವಾಯಿದೆಯನ್ನು ಮೈನಸ್ 2,884 ರೂಪಾಯಿಗೆ ತೀರಿಸಿದರು. ಬೆಲೆ ಎಂದರೆ ಸೊನ್ನೆಗಿಂತ ಮೇಲೇ ಇರಬೇಕು ಎಂದು ನಂಬಿದವರಿಗೆ ಅದು ತಪ್ಪು ಅಂಕಿ, ಆದರೆ ನಿಜವಾಗಿ ನಡೆದದ್ದು ಅದೇ. ಹಾಗೆಯೇ 2012ರ ಅಕ್ಟೋಬರ್ 5ರಂದು ಮುಂಬಯಿಯ ಷೇರು ಪೇಟೆಯಲ್ಲಿ ಒಂದು ದಲ್ಲಾಳಿ ಸಂಸ್ಥೆಯಿಂದ ಸುಮಾರು 650 ಕೋಟಿ ರೂಪಾಯಿಯ ತಪ್ಪು ಆರ್ಡರು ಹೋಗಿ, ನಿಫ್ಟಿ ಸೂಚ್ಯಂಕ ಕ್ಷಣಮಾತ್ರ ಶೇಕಡಾ 15ರಷ್ಟು ಕುಸಿಯಿತು. ಆರ್ಡರು ಕೊಟ್ಟದ್ದು ತಪ್ಪಿನಿಂದ. ಆದರೆ ಆ ಬೆಲೆಗೆ ವ್ಯಾಪಾರ ಆದದ್ದು ನಿಜ. ಕೊಂಡವರು ಕೊಂಡರು, ಮಾರಿದವರು ಮಾರಿದರು. ಮನುಷ್ಯ ಮಾಡಿದ ತಪ್ಪು ಬೇರೆ, ಪುಸ್ತಕ ಬರೆದ ತಪ್ಪು ಬೇರೆ. ಪುಸ್ತಕದವನು ತಿದ್ದಬೇಕಾದದ್ದು ತನ್ನ ತಪ್ಪನ್ನು ಮಾತ್ರ.

ಈಚೆಗೆ ನಮ್ಮ ಹಳ್ಳಿಯ ಹುಡುಗರು ಷೇರು ಕೊಳ್ಳುವುದನ್ನೂ ಕಲಿತಿದ್ದಾರೆ. ಅವರಿಗಾಗಿ ಒಂದು ಮಾತು. ಹಳೆಯ ಬೆಲೆ ಬದಲಾಗಿ ಕಂಡರೆ ಅದೆಲ್ಲ ತಿದ್ದುಪಡಿಯೇ ಅಲ್ಲ. ಬೆಂಗಳೂರಿನ ಇನ್ಫೋಸಿಸ್ ಕಂಪನಿ 2018ರ ಸೆಪ್ಟೆಂಬರಿನಲ್ಲಿ ಒಂದಕ್ಕೆ ಒಂದು ಬೋನಸ್ ಷೇರು ಕೊಟ್ಟಿತು. ಒಂದು ರೊಟ್ಟಿಯನ್ನು ಎರಡು ತುಂಡು ಮಾಡಿದ ಹಾಗೆ, ಷೇರಿನ ಬೆಲೆ ಅರ್ಧಕ್ಕೆ ಬಂತು, ಷೇರು ಎರಡಾದವು, ಒಟ್ಟು ಹಣ ಅಷ್ಟೇ. ಗೆರೆಯಲ್ಲಿ ಬೆಲೆ ಕುಸಿದಂತೆ ಕಾಣಬಾರದೆಂದು ಹಿಂದಿನ ಬೆಲೆಗಳನ್ನೂ ಅರ್ಧ ಮಾಡಿ ತೋರಿಸುತ್ತಾರೆ. ಅದು ಹೋಲಿಕೆಯ ಅನುಕೂಲಕ್ಕೆ. ನೀವು ಅಂದು ಕೊಟ್ಟ ಹಣ ತಿಳಿಯಬೇಕಾದರೆ ಆ ಗೆರೆ ನೋಡಬೇಡಿ, ನಿಮ್ಮ ಖರೀದಿಯ ಚೀಟಿ ನೋಡಿ. ಒಳ್ಳೆಯ ಪುಸ್ತಕ ಅಂದಿನ ಬೆಲೆ, ಹೊಂದಿಸಿದ ಬೆಲೆ ಎರಡನ್ನೂ ಬೇರೆ ಬೇರೆ ಇಡುತ್ತದೆ.

ಕೆಲವು ಅಂಕಿಗಳು ಹುಟ್ಟುವಾಗಲೇ ತಾತ್ಕಾಲಿಕವಾಗಿರುತ್ತವೆ. 2011-12ನ್ನು ಆಧಾರ ವರ್ಷವಾಗಿಟ್ಟ ಸಗಟು ಬೆಲೆ ಸೂಚ್ಯಂಕದಲ್ಲಿ ಮೊದಲು ಪ್ರಕಟಿಸಿದ್ದು ತಾತ್ಕಾಲಿಕ. ಹತ್ತು ವಾರಗಳ ನಂತರ ಅಂತಿಮ ಅಂಕಿ, ಆಮೇಲೆ ಮುಟ್ಟುವುದಿಲ್ಲ ಎಂದು ನಿಯಮ ಮಾಡಿದರು. ಇದು ಪ್ರಾಮಾಣಿಕವಾದ ಪದ್ಧತಿ. "ಇದು ಬದಲಾಗಬಹುದು" ಎಂದು ಮೊದಲೇ ಹೇಳಿದವನನ್ನು ಬದಲಾದಾಗ ಯಾರೂ ಸುಳ್ಳುಗಾರ ಎನ್ನುವುದಿಲ್ಲ.

ಈಗ ನೀವು ಮಾಡಬಹುದಾದದ್ದು ಏನು ಎಂದು ಹೇಳಿ ಮುಗಿಸುತ್ತೇನೆ. ಮೊದಲನೆಯದು, ಮೊಬೈಲಿನಲ್ಲಿ ಧಾರಣೆ ನೋಡಿದಾಗ ಮೂರು ವಿಷಯ ಕೇಳಿಕೊಳ್ಳಿ: ಯಾವ ದಿನದ್ದು? ಕಿಲೋಗೋ ಕ್ವಿಂಟಲಿಗೋ? ಕನಿಷ್ಠ ಬೆಲೆಯೋ, ಗರಿಷ್ಠವೋ, ಹೆಚ್ಚು ಮಾಲು ಮಾರಾಟವಾದ ಬೆಲೆಯೋ? ಕೇಂದ್ರ ಸರ್ಕಾರದ ಅಗ್‌ಮಾರ್ಕ್‌ನೆಟ್‌ನಲ್ಲಿ ಈ ಮೂರು ಬೆಲೆ ಬೇರೆ ಬೇರೆ ಇರುತ್ತವೆ. ಗರಿಷ್ಠ ಬೆಲೆ ಎರಡೇ ಚೀಲಕ್ಕೆ ಸಿಕ್ಕಿರಬಹುದು, ಅದನ್ನು ನಂಬಿ ಗಾಡಿ ಕಟ್ಟಬೇಡಿ. ಎರಡನೆಯದು, ಒಂದೇ ದಿನ ಏರಿ ಮರುದಿನ ಇಳಿದ ಅಂಕಿ ಕಂಡರೆ ಪೇಟೆಗೆ ಹೋಗಿ ಬಂದ ಒಬ್ಬರನ್ನಾದರೂ ಕೇಳಿ. ಮೂರನೆಯದು, ಅಡತಿ ಅಂಗಡಿಯ ಪಟ್ಟಿಯನ್ನು ಒಲೆಗೆ ಹಾಕಬೇಡಿ, ಒಂದು ತಂತಿಗೆ ಚುಚ್ಚಿಡಿ. ಪುಸ್ತಕ ತಪ್ಪಿದಾಗ ಸತ್ಯ ಹೇಳುವುದು ಆ ಚೀಟಿ. ನಾಲ್ಕನೆಯದು, ತಪ್ಪು ಕಂಡರೆ ಬಾಯಲ್ಲಿ ಹೇಳಿ ಬಿಡಬೇಡಿ. ಇಂಥ ದಿನ, ಇಂಥ ಮಾಲು, ಹೀಗಿದೆ, ಹೀಗಿರಬೇಕು ಎಂದು ಪಟ್ಟಿಯ ನಕಲಿನೊಂದಿಗೆ ಬರೆದುಕೊಡಿ, ಕನ್ನಡದಲ್ಲೋ ಮರಾಠಿಯಲ್ಲೋ, ನಿಮಗೆ ಬರುವ ಭಾಷೆಯಲ್ಲಿ.

ಆ ಹುಡುಗನಿಗೆ ನಾನು ಒಂದು ಇನ್ನೂರು ಪುಟದ ವಹಿ ತಂದು ಕೊಟ್ಟೆ. ಐದು ಕಾಲಂ ಹಾಕಿಸಿದೆ: ಪೇಟೆಯ ದಿನ, ಧಾರಣೆ, ಬರೆದ ದಿನ, ಯಾರು ಹೇಳಿದರು, ಷರಾ. ಪೆನ್ಸಿಲಿನಲ್ಲಿ ಬರೆಯಬೇಡ, ಪೆನ್ನಿನಲ್ಲೇ ಬರೆ ಎಂದೆ. ಎರಡು ತಿಂಗಳ ಮೇಲೆ ತೋರಿಸಲು ತಂದ. ಒಂದು ಪುಟದಲ್ಲಿ ಅವನೇ ತಪ್ಪಿದ್ದ. ಸೊಲ್ಲಾಪುರದ ಧಾರಣೆಯನ್ನು ವಿಜಾಪುರದ್ದೆಂದು ಬರೆದಿದ್ದ. ಹಾಳೆ ಹರಿದಿರಲಿಲ್ಲ. ತಪ್ಪು ಸಾಲಿನ ಮೇಲೆ ಓದಲು ಬರುವ ಹಾಗೆ ಒಂದು ಗೆರೆ ಎಳೆದು, ಕೆಳಗೆ ಸರಿ ಸಾಲು ಬರೆದು, ಷರಾದಲ್ಲಿ "ನನ್ನ ತಪ್ಪು" ಎಂದು ಬರೆದು ಸಹಿ ಮಾಡಿದ್ದ.

ನನಗೆ ಅಂದು 24ನೇ ತಾರೀಖು ಮಧ್ಯಾಹ್ನ ಬಾರದ ಧೈರ್ಯ ಅವನಿಗೆ ಬಂದಿತ್ತು. ಆ ಪುಟ ನೋಡಿ ನನಗೆ ನಮ್ಮ ಅಕೌಂಟೆಂಟ್ ಸಾಹೇಬರ ನೆನಪಾಯಿತು.